ಎರರ್ 2ರಿಂದ ಮೇಲಕ್ಕೆ: ಒಂದು ಬಿಲ್ಡ್ ಲಾಗಿನ ವ್ಯಾಖ್ಯಾನ

ಆಗಸ್ಟ್ ಬಂತೆಂದರೆ ಜಾನ್ಸ್ ಕ್ರೀಕ್‌ನ ಕನ್ನಡದ ಮನೆಗಳಲ್ಲಿ ಹೊಸ ಲ್ಯಾಪ್‌ಟಾಪಿನ ಡಬ್ಬ ಬಿಚ್ಚುವ ಕಾಲ. ಅಟ್ಲಾಂಟಾದ ಉತ್ತರಕ್ಕಿರುವ ಈ ಊರು ಕಾಗದದ ಮೇಲೆ ನಗರವಾದದ್ದು 2006ರ ಡಿಸೆಂಬರಿನಲ್ಲಿ. ನನಗೆ ಪರಿಚಯವಿರುವ ಮನೆಗಳಲ್ಲಿ ಅಪ್ಪನೋ ಅಮ್ಮನೋ ಒಬ್ಬರಂತೂ ಸಾಫ್ಟ್‌ವೇರ್ ಕೆಲಸದವರು. ಮಕ್ಕಳು ಜಾರ್ಜಿಯಾ ಟೆಕ್‌ಗೋ ಅಥೆನ್ಸ್‌ನ ವಿಶ್ವವಿದ್ಯಾಲಯಕ್ಕೋ ಹೊರಟವರು. ಬೇಸ್‌ಮೆಂಟಿನ ಹಳೆಯ ಇಂಟೆಲ್ ಡೆಸ್ಕ್‌ಟಾಪಿನಲ್ಲಿ, ಲಿನಕ್ಸ್ ಮೇಲೆ ಓಡುತ್ತಿದ್ದದ್ದೆಲ್ಲ ಹೊಸ ಮ್ಯಾಕ್‌ಗೆ ಬರಬೇಕು. ಫೋಟೊ, ಹಾಡು, ಪಾಠದ ಟಿಪ್ಪಣಿ ಸಲೀಸಾಗಿ ಬಂದುಬಿಡುತ್ತವೆ. ಹಟ ಹಿಡಿಯುವುದು ಗಣಿತದ ಪ್ರೋಗ್ರಾಮು. ಚಿಪ್ಪೂ ಬೇರೆ, ಆಪರೇಟಿಂಗ್ ಸಿಸ್ಟಮ್ಮೂ ಬೇರೆ. ಹಾಗಾಗಿ ಮೂಲ ಕಡತಗಳಿಂದ ಅದನ್ನು ಹೊಸದಾಗಿ ಕಂಪೈಲ್ ಮಾಡಬೇಕು. ಆಗ ಬರುತ್ತದೆ ವಾಟ್ಸಾಪ್: "ಅಂಕಲ್, ಬಿಲ್ಡ್ ಆಗ್ತಿಲ್ಲ. ಎರರ್ 2 ಅಂತಿದೆ."

ಇಲ್ಲಿ ವ್ಯಾಖ್ಯಾನಕ್ಕೆ ಎತ್ತಿಕೊಂಡ ಸಾಲುಗಳೆಲ್ಲ ಒಂದೇ ಕಡತದವಲ್ಲ. ದೊಡ್ಡ ಪೂರ್ಣಾಂಕಗಳ ಜಿಎಂಪಿ, ಮ್ಯಾಟ್ರಿಕ್ಸ್ ಲೆಕ್ಕದ ಬ್ಲಾಸ್ ಮತ್ತು ಲಾಪ್ಯಾಕ್, ಇವುಗಳ ಮೇಲೆ ಯಾರೋ ಹತ್ತಿಪ್ಪತ್ತು ವರ್ಷದ ಹಿಂದೆ ಬರೆದ ಸಿ ಮತ್ತು ಫೋರ್ಟ್ರಾನ್: ಇಂಥ ಸಾಮಗ್ರಿಯನ್ನು ಹೊಸ ಯಂತ್ರಕ್ಕೆ ತರುವವರಿಗೆ ಎದುರಾಗುವ ಸಾಲುಗಳನ್ನು ಎದುರಾಗುವ ಕ್ರಮದಲ್ಲೇ ಜೋಡಿಸಿದ್ದೇನೆ, ಕನ್ನಡ ಅಕ್ಷರದಲ್ಲಿ. ಒಂದನ್ನು ಮಾತ್ರ ಕ್ರಮ ತಪ್ಪಿಸಿ ಮೊದಲಿಗಿಟ್ಟಿದ್ದೇನೆ. ಲಾಗಿನಲ್ಲಿ ಅದು ಕಟ್ಟಕಡೆಯ ಸಾಲು. ಆದರೆ ಎಲ್ಲರ ಕಣ್ಣಿಗೆ ಬೀಳುವುದು ಅದೇ.

"ಮೇಕ್: *** [ಆಲ್] ಎರರ್ 2"

ಈ ಸಾಲಿನಲ್ಲಿ ಮಾಹಿತಿಯೇ ಇಲ್ಲ. 'ಮೇಕ್' ಎಂಬುದು ಯಾವ ಕಡತವನ್ನು ಯಾವಾಗ ಕಂಪೈಲ್ ಮಾಡಬೇಕೆಂದು ನೋಡಿಕೊಳ್ಳುವ ಪ್ರೋಗ್ರಾಮು. ದೊಡ್ಡ ತಂತ್ರಾಂಶದಲ್ಲಿ ಒಂದು ಮೇಕ್ ಒಳಗೆ ಇನ್ನೊಂದು ಮೇಕ್ ಓಡುತ್ತದೆ. ಒಳಗಿನದು ಸೋತರೆ 2 ಎಂಬ ಸಂಖ್ಯೆ ಹೇಳಿ ಹೊರಬೀಳುತ್ತದೆ, ಹೊರಗಿನದು ಅದನ್ನೇ ಮುದ್ರಿಸುತ್ತದೆ. ಅಂದರೆ ಎರರ್ 2 ಎಂಬುದು 'ಒಳಗಡೆ ಯಾರೋ ಸೋತರಂತೆ' ಎಂಬ ವರದಿ ಅಷ್ಟೆ. ಕಂಪೈಲರೇ ಕೈಚೆಲ್ಲಿದ ಜಾಗದಲ್ಲಿ ಸಾಮಾನ್ಯವಾಗಿ ಎರರ್ 1 ಎಂದಿರುತ್ತದೆ, ಅದರ ಮೇಲೆ ನಿಜವಾದ ಕಾರಣ. "ಅದರ ಮೇಲಿನದು ಕಳಿಸು ಪುಟ್ಟಾ" ಎಂದೇ ನನ್ನ ಉತ್ತರ. ಬರುವುದು ಹತ್ತು ಸಾಲಿನ ಸ್ಕ್ರೀನ್‌ಶಾಟು. ಅದೂ ಸಾಲುವುದಿಲ್ಲ.

ಏಕೆಂದರೆ ಈಗಿನ ಯಂತ್ರಗಳಲ್ಲಿ ಎಲ್ಲರೂ '-ಜೆ8' ಎಂದು ಕೊಟ್ಟು ಎಂಟು ಕಂಪೈಲ್‌ಗಳನ್ನು ಒಟ್ಟಿಗೇ ಓಡಿಸುತ್ತಾರೆ. ಒಂದು ಸತ್ತರೂ ಮಿಕ್ಕ ಏಳು ಹಿಡಿದ ಕೆಲಸ ಮುಗಿಸಿ, ತಮ್ಮ ಎಚ್ಚರಿಕೆಗಳನ್ನೆಲ್ಲ ಸುರಿದು ನಿಲ್ಲುತ್ತವೆ. ಸತ್ತದ್ದರ ಮಾತು ಆ ರಾಶಿಯ ಕೆಳಗೆ ಹೂತುಹೋಗಿರುತ್ತದೆ. ಜೆ ತೆಗೆದು ಒಂದೊಂದಾಗಿ ಓಡಿಸಿ, ಉತ್ಪತ್ತಿಯನ್ನೆಲ್ಲ ಕಡತಕ್ಕೆ ಹಿಡಿದು, ಮೇಲಿನಿಂದ ಮೊದಲ 'ಎರರ್:' ಹುಡುಕಬೇಕು. ಮೊದಲನೆಯದು. ಎರಡನೆಯದರಿಂದಾಚೆಗಿನವು ಬಹಳ ಸಲ ಮೊದಲನೆಯದರ ಸಂತಾನವೇ.

"ಕಾನ್ಫಿಗರ್: ಎರರ್: ಕೆನಾಟ್ ಗೆಸ್ ಬಿಲ್ಡ್ ಟೈಪ್, ಯು ಮಸ್ಟ್ ಸ್ಪೆಸಿಫೈ ಒನ್"

ಮೇಕ್ ಓಡುವ ಮುಂಚೆ 'ಕಾನ್ಫಿಗರ್' ಎಂಬ ಸ್ಕ್ರಿಪ್ಟು ಯಂತ್ರವನ್ನು ವಿಚಾರಿಸಿಕೊಳ್ಳುತ್ತದೆ. ಮೊದಲ ಪ್ರಶ್ನೆ: ನೀನು ಯಾರು? ಉತ್ತರ ಮೂರು ಭಾಗದ್ದು: ಪ್ರೊಸೆಸರು, ತಯಾರಕರು, ಆಪರೇಟಿಂಗ್ ಸಿಸ್ಟಮ್ಮು. ಹೊಸ ಮ್ಯಾಕ್‌ನದು 'ಎಆರ್ಚ್64-ಆಪಲ್-ಡಾರ್ವಿನ್'. ಈ ಹೆಸರನ್ನು ಕಂಡುಹಿಡಿಯುವ 'ಕಾನ್ಫಿಗ್.ಗೆಸ್' ಎಂಬ ಪುಟ್ಟ ಕಡತ ಪ್ರತಿ ಪ್ಯಾಕೇಜಿನೊಳಗೂ ಅದು ಬಿಡುಗಡೆಯಾದ ದಿನದ ಆವೃತ್ತಿಯಲ್ಲೇ ಕೂತಿರುತ್ತದೆ. ಎಆರ್ಚ್64 ಎಂದರೆ ಆರ್ಮ್‌ನ 64 ಬಿಟ್ ವಿನ್ಯಾಸ, ಅದು ಪ್ರಕಟವಾದದ್ದೇ 2011ರಲ್ಲಿ. ಅದಕ್ಕೂ ಹಿಂದಿನ ಪ್ಯಾಕೇಜಿಗೆ ಈ ಚಿಪ್ಪಿನ ಪರಿಚಯ ಎಲ್ಲಿಂದ ಬರಬೇಕು?

ಪರಿಹಾರ ಸುಲಭ. ಗ್ನೂ ಯೋಜನೆಯಿಂದ ಹೊಸ ಕಾನ್ಫಿಗ್.ಗೆಸ್ ಮತ್ತು ಅದರ ಜೋಡಿ ಕಾನ್ಫಿಗ್.ಸಬ್ ತಂದು ಹಳೆಯದರ ಜಾಗದಲ್ಲಿ ಇಟ್ಟರಾಯಿತು. ಮಾಡಬಾರದ್ದು ಇನ್ನೊಂದಿದೆ: 'ಒಂದನ್ನು ಹೇಳಲೇಬೇಕು' ಎಂದು ಕೇಳಿತಲ್ಲ ಎಂದು ಹಳೆಯ ಯಂತ್ರದ ಹೆಸರನ್ನೇ ಕೊಟ್ಟು ದಾಟಿಬಿಡುವುದು. ಗಣಿತದ ತಂತ್ರಾಂಶದಲ್ಲಿ ಈ ಹೆಸರು ಬರೀ ಅಲಂಕಾರವಲ್ಲ. ಜಿಎಂಪಿ ಅದನ್ನು ನೋಡಿಯೇ ತನ್ನ ಕೈಬರಹದ ಅಸೆಂಬ್ಲಿ ಕಡತಗಳನ್ನು ಆರಿಸಿಕೊಳ್ಳುತ್ತದೆ. ಸುಳ್ಳು ಹೆಸರು ಹೇಳಿದರೆ ಇಂಟೆಲ್ ಸೂಚನೆಗಳನ್ನು ಆರ್ಮ್ ಅಸೆಂಬ್ಲರಿಗೆ ತಿನ್ನಿಸಿದ ಹಾಗಾಗುತ್ತದೆ.

"ಕಾನ್ಫಿಗರ್: ಎರರ್: ನೋ ಯೂಸಬಲ್ ಎಂ4 ಇನ್ $ಪಾತ್ ಆರ್ /ಯುಎಸ್‌ಆರ್/5ಬಿನ್"

ಹೊಸದಾಗಿ ಹಾಕಿದ ಲಿನಕ್ಸಿನಲ್ಲಿ ಜಿಎಂಪಿ ಕಟ್ಟಹೊರಟವರಿಗೆ ಪರಿಚಿತ. ಎಂ4 ಎಂಬ ಹಳೆಯ ಮ್ಯಾಕ್ರೊ ಸಾಧನ ಇಲ್ಲ, ಹಾಕಿಕೊಳ್ಳಿ, ಮುಗಿಯಿತು. 5ಬಿನ್ ಎಂಬುದು ಸನ್ ಕಂಪನಿಯ ಹಳೆಯ ಯಂತ್ರಗಳ ಕಾಲದ ವಿಳಾಸ. ಅಂಥ ಯಂತ್ರ ಕಂಡವರು ಈಗ ರಿಟೈರಾಗಿದ್ದಾರೆ, ವಿಳಾಸ ಮಾತ್ರ ಸ್ಕ್ರಿಪ್ಟಿನಲ್ಲಿ ಉಳಿದಿದೆ.

"ಚೆಕಿಂಗ್ ಕಂಪೈಲರ್ ಜಿಸಿಸಿ -ಓ2... ನೋ, ಲಾಂಗ್ ಲಾಂಗ್ ರಿಲಯಬಿಲಿಟಿ ಟೆಸ್ಟ್ 1"
"ಕಾನ್ಫಿಗರ್: ಎರರ್: ಕುಡ್ ನಾಟ್ ಫೈಂಡ್ ಎ ವರ್ಕಿಂಗ್ ಕಂಪೈಲರ್, ಸೀ ಕಾನ್ಫಿಗ್.ಲಾಗ್ ಫಾರ್ ಡೀಟೇಲ್ಸ್"

ಈ ಜೋಡಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. 'ಕೆಲಸ ಮಾಡುವ ಕಂಪೈಲರ್ ಸಿಗಲಿಲ್ಲ' ಎನ್ನುತ್ತದೆ ಎರಡನೆಯ ಸಾಲು. ಕಂಪೈಲರ್ ಪಕ್ಕದಲ್ಲೇ ಇದೆ. ಬೇರೆ ಹತ್ತು ಪ್ಯಾಕೇಜುಗಳನ್ನು ಈಗಷ್ಟೇ ಕಟ್ಟಿ ಮುಗಿಸಿದೆ. ಹಾಗಾದರೆ ಜಿಎಂಪಿ ಏಕೆ ಒಪ್ಪುತ್ತಿಲ್ಲ?

ಜಿಎಂಪಿಯವರು ಕಂಪೈಲರನ್ನು ನಂಬುವ ಜನರಲ್ಲ. 1991ರಿಂದ ಟೋರ್ಬ್ಯೋರ್ನ್ ಗ್ರಾನ್‌ಲುಂಡ್ ನಡೆಸಿಕೊಂಡು ಬಂದಿರುವ ಈ ಲೈಬ್ರರಿ ಸಾವಿರಾರು ಅಂಕಿಗಳ ಪೂರ್ಣಾಂಕಗಳನ್ನು ಗುಣಿಸುತ್ತದೆ. ಕಂಪೈಲರ್ ಒಂದು ಕಡೆ ಒಂದು ಬಿಟ್ ತಪ್ಪಿದರೂ ಉತ್ತರ ಪೂರ್ತಿ ಸುಳ್ಳು, ಸುಳ್ಳೆಂದು ಕಣ್ಣಿಗೆ ಕಾಣುವುದೂ ಇಲ್ಲ. ಹಾಗಾಗಿ ಹಿಂದೆ ಯಾವ್ಯಾವ ಕಂಪೈಲರುಗಳು ಎಲ್ಲೆಲ್ಲಿ ಎಡವಿದ್ದವೋ ಆ ತುಣುಕುಗಳನ್ನೆಲ್ಲ ಕೂಡಿಟ್ಟುಕೊಂಡು, ಎದುರಿಗೆ ಬಂದ ಪ್ರತಿ ಕಂಪೈಲರಿಗೂ ಪರೀಕ್ಷೆ ಇಡುತ್ತಾರೆ. 'ಲಾಂಗ್ ಲಾಂಗ್' ಪರೀಕ್ಷೆ ಅಂಥದ್ದೊಂದು. ಆ ತುಣುಕಿನಲ್ಲಿ ಖಾಲಿ ಆವರಣ ಇಟ್ಟು ಘೋಷಿಸಿದ ಒಂದು ಫಂಕ್ಷನ್ ಇದೆ, ಮುಂದೆ ಅದನ್ನು ಹಲವು ಆರ್ಗ್ಯುಮೆಂಟುಗಳೊಂದಿಗೆ ಕರೆಯಲಾಗಿದೆ. ಹಳೆಯ ಸಿ ಭಾಷೆಯಲ್ಲಿ ಖಾಲಿ ಆವರಣಕ್ಕೆ 'ಎಷ್ಟು ಬೇಕಾದರೂ ಬರಲಿ' ಎಂದರ್ಥ. ಸಿ23 ಎಂಬ ಹೊಸ ಮಾನಕದಲ್ಲಿ 'ಒಂದೂ ಇಲ್ಲ'. 2025ರ ಏಪ್ರಿಲ್‌ನಲ್ಲಿ ಬಂದ ಗ್ನೂ ಕಂಪೈಲರ್ ಜಿಸಿಸಿ 15 ಬೇರೆ ಹೇಳದಿದ್ದರೆ ಸಿ23ರ ಪ್ರಕಾರವೇ ಓದುತ್ತದೆ. ಜಿಎಂಪಿ 6.3.0 ಬಂದದ್ದು 2023ರ ಜುಲೈನಲ್ಲಿ. ಪ್ರಶ್ನೆಪತ್ರಿಕೆಯ ವ್ಯಾಕರಣ ಹಳತಾಯಿತು. ಫೇಲಾದವನು ಮಾತ್ರ ವಿದ್ಯಾರ್ಥಿ.

ಮ್ಯಾಕ್‌ನಲ್ಲಿ ಹೋಮ್‌ಬ್ರೂ ಎಂಬ ಪ್ಯಾಕೇಜ್ ವ್ಯವಸ್ಥೆಯ ಮೂಲಕ ಹೊಸ ಜಿಸಿಸಿ ಹಾಕಿಕೊಂಡವರಿಗೂ, ಹೊಸ ಲಿನಕ್ಸಿನವರಿಗೂ ಇದು ಒಂದೇ ಥರ ಬರುತ್ತದೆ. ಕಂಪೈಲರಿನ ಹೆಸರು ಕೊಡುವಲ್ಲಿ '-ಎಸ್‌ಟಿಡಿ=ಗ್ನೂ17' ಎಂದು ಸೇರಿಸಿದರೆ ಹಳೆಯ ವ್ಯಾಕರಣದಲ್ಲಿ ಓದುತ್ತದೆ, ಪಾಸಾಗುತ್ತದೆ.

ಇದು ಗೊತ್ತಾಗುವುದು ಹೇಗೆ? ಎರಡನೆಯ ಸಾಲಿನ ಬಾಲದಲ್ಲೇ ಬರೆದಿದೆ: ಕಾನ್ಫಿಗ್.ಲಾಗ್ ನೋಡಿ. ಯಾರೂ ನೋಡುವುದಿಲ್ಲ. ಆ ಕಡತದಲ್ಲಿ ಪರೀಕ್ಷೆಗೆ ಇಟ್ಟ ಪ್ರತಿ ತುಣುಕೂ, ಕಂಪೈಲರ್ ಅದಕ್ಕೆ ಹೇಳಿದ ಮಾತೂ ಅಕ್ಷರಶಃ ಇರುತ್ತವೆ. ತೆರೆದವರನ್ನು ಮೊದಲು ಹೆದರಿಸುವುದು ಅದರ ತುಂಬ ಇರುವ ಎರರ್‌ಗಳು. ಅವುಗಳಲ್ಲಿ ಹೆಚ್ಚಿನವು ನಿರಪಾಯ. 'ಈ ಸೌಲಭ್ಯ ಇದೆಯೇ' ಎಂದು ಕೇಳಿ 'ಇಲ್ಲ' ಎನಿಸಿಕೊಳ್ಳುವುದೂ ಅಲ್ಲಿ ಒಂದು ಎರರೇ. ಬೇಕಾದದ್ದು ನಮ್ಮನ್ನು ನಿಲ್ಲಿಸಿದ ಪರೀಕ್ಷೆಯ ಹೆಸರಿನ ಕೆಳಗಿನ ನಾಲ್ಕಾರು ಸಾಲು ಮಾತ್ರ.

"ಚೆಕಿಂಗ್ ಸೈಜ್ ಆಫ್ ಲಾಂಗ್... 0"

ಇದರಲ್ಲಿ ಎರರ್ ಎಂಬ ಮಾತೇ ಇಲ್ಲ. ಕಾನ್ಫಿಗರ್ ನಿಲ್ಲುವುದೂ ಇಲ್ಲ. ಸಾವಿರ ಸಾಲುಗಳ ನಡುವೆ ಸರ್ರೆಂದು ಮೇಲೆ ಹೋಗಿಬಿಡುತ್ತದೆ. ನನ್ನನ್ನು ಕೇಳಿದರೆ ಇಡೀ ಲಾಗಿನಲ್ಲಿ ಅತ್ಯಂತ ಕೆಟ್ಟ ಸಾಲು ಇದು.

ಲಾಂಗ್ ಎಂಬುದು ಸಿ ಭಾಷೆಯ ಒಂದು ಪೂರ್ಣಾಂಕ ಬಗೆ. ಅದರ ಅಳತೆ ಸೊನ್ನೆ ಬೈಟ್ ಇರಲು ಸಾಧ್ಯವೇ ಇಲ್ಲ. ನಡೆದದ್ದೇನೆಂದರೆ, 1999ರ ಆಟೊಕಾನ್ಫ್ 2.13 ಹುಟ್ಟಿಸಿದ ಕಾನ್ಫಿಗರ್ ಸ್ಕ್ರಿಪ್ಟುಗಳು ಅಳತೆ ತಿಳಿಯಲು ಒಂದು ಪುಟ್ಟ ಪ್ರೋಗ್ರಾಮ್ ಬರೆದು ಓಡಿಸುತ್ತವೆ. ಅದು ಕೊನೆಯಲ್ಲಿ 'ಎಕ್ಸಿಟ್' ಎಂಬ ಫಂಕ್ಷನನ್ನು ಕರೆಯುತ್ತದೆ, ಅದರ ಘೋಷಣೆಯಿರುವ ಹೆಡರನ್ನು ಸೇರಿಸದೆ. ಆ ಕಾಲದ ಕಂಪೈಲರುಗಳು ಗೊಣಗಿಕೊಂಡಾದರೂ ಒಪ್ಪುತ್ತಿದ್ದವು. 2020ರ ಸೆಪ್ಟೆಂಬರಿನ ಎಕ್ಸ್‌ಕೋಡ್ 12ರಿಂದ ಆಪಲ್‌ನ ಕಂಪೈಲರ್ ಘೋಷಣೆಯಿಲ್ಲದ ಫಂಕ್ಷನನ್ನು ತಪ್ಪೆಂದೇ ಎಣಿಸುತ್ತದೆ. 2024ರ ಜಿಸಿಸಿ 14 ಕೂಡ ಅದೇ ದಾರಿ ಹಿಡಿಯಿತು. ಪುಟ್ಟ ಪ್ರೋಗ್ರಾಮ್ ಕಂಪೈಲೇ ಆಗಲಿಲ್ಲ, ಉತ್ತರ ಬರಲಿಲ್ಲ, ಉತ್ತರವಿಲ್ಲದ್ದನ್ನು ಸ್ಕ್ರಿಪ್ಟು 0 ಎಂದು ಬರೆದುಕೊಂಡಿತು. ಇನ್ನು ಮುಂದೆ ಮೂಲ ಕಡತಗಳಲ್ಲಿ 'ಲಾಂಗ್ 8 ಬೈಟಾದರೆ ಹೀಗೆ, 4 ಆದರೆ ಹಾಗೆ' ಎಂದಿರುವ ಕಡೆಯಲ್ಲೆಲ್ಲ ಎರಡೂ ಅಲ್ಲದ ಮೂರನೆಯ ದಾರಿ, ಯಾರೂ ಒಮ್ಮೆಯೂ ನಡೆದು ನೋಡಿರದ ದಾರಿ, ತೆರೆದುಕೊಳ್ಳುತ್ತದೆ. ಬಿಲ್ಡ್ ನಿಲ್ಲುವುದು ಎಷ್ಟೋ ಕಡತಗಳಾಚೆ, ಲಾಂಗಿಗೂ ಎಕ್ಸಿಟ್‌ಗೂ ಸಂಬಂಧವೇ ಇಲ್ಲವೆನಿಸುವ ಒಂದು ಸಾಲಿನಲ್ಲಿ. ನಿಲ್ಲದೆಯೂ ಹೋಗಬಹುದು.

ಅಳತೆಯ ಗೊಂದಲ ಹಳೆಯದು. ನಮ್ಮಲ್ಲಿ ಸೇರು ಎಂದರೆ ಊರಿಗೊಂದು ತೂಕವಿದ್ದ ಹಾಗೆ, ಲಾಂಗ್ ಎಂದರೆ ವೇದಿಕೆಗೊಂದು ಅಗಲ: 64 ಬಿಟ್‌ನ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 8 ಬೈಟು, 64 ಬಿಟ್‌ನ ವಿಂಡೋಸಿನಲ್ಲಿ 4. ಮ್ಯಾಕ್‌ನಲ್ಲಿ ಕಟ್ಟಿದ್ದನ್ನು ತಮ್ಮನ ವಿಂಡೋಸ್ ಲ್ಯಾಪ್‌ಟಾಪಿಗೂ ಒಯ್ಯುತ್ತೇನೆಂದು ಹೊರಟರೆ ಅಲ್ಲಿ 50000ವನ್ನು 50000ದಿಂದ ಗುಣಿಸಿದಾಗ 250 ಕೋಟಿಯ ಬದಲು ಬಹುಮಟ್ಟಿಗೆ ಸಿಗುವುದು ಋಣ 1,79,49,67,296. ಎರರ್ ಇಲ್ಲ, ಎಚ್ಚರಿಕೆಯಿಲ್ಲ. ಪೈಥಾನ್‌ನ ನಂಪೈ ಕೂಡ ವಿಂಡೋಸಿನಲ್ಲಿ ಪೂರ್ಣಾಂಕಗಳನ್ನು 32 ಬಿಟ್‌ನಲ್ಲೇ ಇಟ್ಟುಕೊಳ್ಳುತ್ತಿತ್ತು. 64ಕ್ಕೆ ಬದಲಾದದ್ದು 2024ರ ಜೂನಿನಲ್ಲಿ, 2.0 ಆವೃತ್ತಿಯಲ್ಲಿ.

ಘೋಷಣೆಯಿಲ್ಲದ ಫಂಕ್ಷನಿನ ತಪ್ಪನ್ನು ಮತ್ತೆ ಬರೀ ಎಚ್ಚರಿಕೆಯಾಗಿ ಇಳಿಸುವ ಫ್ಲ್ಯಾಗ್ ಒಂದಿದೆ. ಬಹಳ ಜನ ಅದನ್ನೇ ಸಲಹೆ ಮಾಡುತ್ತಾರೆ. ನಾನು ಮಾಡುವುದಿಲ್ಲ. ಆಪಲ್‌ನ ಆರ್ಮ್ ಯಂತ್ರದಲ್ಲಿ 'ಪ್ರಿಂಟ್‌ಎಫ್' ಥರದ, ಎಷ್ಟಾದರೂ ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಫಂಕ್ಷನುಗಳಿಗೆ ಆ ಹೆಚ್ಚಿನ ಆರ್ಗ್ಯುಮೆಂಟುಗಳು ಸ್ಟ್ಯಾಕ್ ಮೂಲಕವೇ ಹೋಗಬೇಕೆಂಬ ನಿಯಮವಿದೆ. ಸಾಮಾನ್ಯ ಫಂಕ್ಷನುಗಳಿಗೆ ರಿಜಿಸ್ಟರ್ ಮೂಲಕ. ಘೋಷಣೆ ಕಾಣದ ಕಂಪೈಲರ್ ಇದನ್ನು ಸಾಮಾನ್ಯ ಫಂಕ್ಷನ್ ಎಂದುಕೊಂಡು ರಿಜಿಸ್ಟರಿನಲ್ಲಿಡುತ್ತದೆ, ಕರೆಸಿಕೊಂಡವನು ಸ್ಟ್ಯಾಕಿನಲ್ಲಿ ಹುಡುಕಿ ಅಲ್ಲಿದ್ದ ಕಸವನ್ನು ಎತ್ತಿಕೊಳ್ಳುತ್ತಾನೆ. ಇಂಟೆಲ್‌ನಲ್ಲಿ ಇಷ್ಟು ವರ್ಷ ದಕ್ಕಿಸಿಕೊಂಡ ಸೋಮಾರಿತನ ಇಲ್ಲಿ ದಕ್ಕುವುದಿಲ್ಲ. ಹೆಡರ್ ಸೇರಿಸುವುದೇ ಸರಿ. ಸ್ಕ್ರಿಪ್ಟೇ ಹಳತಾಗಿದ್ದರೆ ಹೊಸ ಆಟೊಕಾನ್ಫ್‌ನಿಂದ ಮತ್ತೆ ಹುಟ್ಟಿಸಬೇಕು.

"ಎರರ್: ಟೈಪ್ ಮಿಸ್‌ಮ್ಯಾಚ್ ಬಿಟ್ವೀನ್ ಆಕ್ಚುಯಲ್ ಆರ್ಗ್ಯುಮೆಂಟ್ ಅಟ್ (1) ಅಂಡ್ ಆಕ್ಚುಯಲ್ ಆರ್ಗ್ಯುಮೆಂಟ್ ಅಟ್ (2)"

ಫೋರ್ಟ್ರಾನಿಗೆ ಬಂದೆವು. ಆಪಲ್ ಫೋರ್ಟ್ರಾನ್ ಕಂಪೈಲರ್ ಕೊಡುವುದಿಲ್ಲ. 2020ರ ನವೆಂಬರಿನಲ್ಲಿ ಎಂ1 ಚಿಪ್ಪು ಬಂದಾಗ ಜಿಸಿಸಿಯ ಅಧಿಕೃತ ಆವೃತ್ತಿಯಲ್ಲೂ ಅದಕ್ಕೆ ಬೆಂಬಲವಿರಲಿಲ್ಲ; ಅದರ ಫೋರ್ಟ್ರಾನ್ ಕಂಪೈಲರನ್ನು ಬೇರೆಯವರು ತಿದ್ದಿ ಕೊಟ್ಟ ಜಿಫೋರ್ಟ್ರಾನಿನಿಂದಲೇ ಗಣಿತದ ಜಗತ್ತು ಮುಂದೆ ಹೋಯಿತು. 'ಈ ಕಾಲದಲ್ಲೂ ಫೋರ್ಟ್ರಾನ್ ಯಾಕೆ ಅಂಕಲ್' ಎಂದು ಮಕ್ಕಳು ಕೇಳುತ್ತಾರೆ. ಬ್ಲಾಸ್ ಪ್ರಕಟವಾದದ್ದು 1979ರಲ್ಲಿ, ಲಾಪ್ಯಾಕ್ 1992ರಲ್ಲಿ, ಎರಡೂ ಫೋರ್ಟ್ರಾನಿನಲ್ಲಿ. ಈ ಕೋಡುಗಳನ್ನೆಲ್ಲ ಲೋಕಕ್ಕೆ ಹಂಚಿದ ನೆಟ್‌ಲಿಬ್ ಭಂಡಾರವನ್ನು ನೋಡಿಕೊಂಡು ಬಂದವರಲ್ಲಿ ಟೆನೆಸೀ ವಿಶ್ವವಿದ್ಯಾಲಯ ಮತ್ತು ಓಕ್ ರಿಜ್ ಪ್ರಯೋಗಾಲಯದವರು ಮುಖ್ಯರು. ಲಿನ್‌ಪ್ಯಾಕ್, ಲಾಪ್ಯಾಕ್‌ಗಳ ಹಿಂದಿದ್ದ ಜ್ಯಾಕ್ ಡಾಂಗರಾ 2021ರ ಟ್ಯೂರಿಂಗ್ ಪ್ರಶಸ್ತಿ ಪಡೆದದ್ದು ಟೆನೆಸೀಯಲ್ಲಿದ್ದುಕೊಂಡೇ. ಜಾನ್ಸ್ ಕ್ರೀಕ್‌ನಿಂದ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಆ ವಿಶ್ವವಿದ್ಯಾಲಯವಿರುವ ನಾಕ್ಸ್‌ವಿಲ್ ಸೇರಬಹುದು. ಸ್ಮೋಕಿ ಬೆಟ್ಟ ನೋಡಲು ಹೋಗುವ ನಮ್ಮವರ ಕಾರುಗಳು ಆ ದಿಕ್ಕಿಗೇ ಹೋಗುತ್ತವೆ.

ಸಾಲಿನ ಅರ್ಥ ಇಷ್ಟು. ಹಳೆಯ ಫೋರ್ಟ್ರಾನ್ ಬರೆಯುವವರು ಒಂದೇ ಸಬ್‌ರೂಟೀನನ್ನು ಒಂದು ಕಡೆ ಪೂರ್ಣಾಂಕಗಳ ಸಾಲು ಕೊಟ್ಟು, ಇನ್ನೊಂದು ಕಡೆ ದಶಮಾಂಶಗಳ ಸಾಲು ಕೊಟ್ಟು ಕರೆಯುತ್ತಿದ್ದರು. ಮೆಮೊರಿಯ ವಿಳಾಸ ತಾನೆ ಹೋಗುವುದು, ಯಾವುದಾದರೇನು ಎಂಬ ಧೋರಣೆ. 2020ರ ಜಿಸಿಸಿ 10 ಇದನ್ನು ತಪ್ಪೆಂದು ಸಾರಿತು. '-ಎಫ್‌ಅಲೌ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್' ಎಂಬ ಫ್ಲ್ಯಾಗ್ ಕೊಟ್ಟರೆ ಮತ್ತೆ ಎಚ್ಚರಿಕೆಗೆ ಇಳಿಯುತ್ತದೆ. ಮೇಲೆ ಅಂಥದ್ದೇ ಫ್ಲ್ಯಾಗ್ ಬೇಡವೆಂದವನು ಇಲ್ಲಿ ಹೂಂ ಅನ್ನುತ್ತೇನೆ. ಈ ಕೋಡು ಹಾಗೆ ಕರೆಯಲೆಂದೇ ಬರೆದದ್ದು, ಎಷ್ಟೋ ಯಂತ್ರಗಳಲ್ಲಿ ಪಳಗಿದ್ದು. ತಿದ್ದಹೊರಟರೆ ಹೊಸ ತಪ್ಪು ಸೇರುವ ಸಂಭವವೇ ಹೆಚ್ಚು.

"ಎಲ್‌ಡಿ: ವಾರ್ನಿಂಗ್: ಇಗ್ನೋರಿಂಗ್ ಫೈಲ್ /ಯುಎಸ್‌ಆರ್/ಲೋಕಲ್/ಲಿಬ್/ಲಿಬ್‌ಓಪನ್‌ಬ್ಲಾಸ್..."
"ಅನ್‌ಡಿಫೈನ್ಡ್ ಸಿಂಬಲ್ಸ್ ಫಾರ್ ಆರ್ಕಿಟೆಕ್ಚರ್ ಆರ್ಮ್64: _ಡಿಜೆಮ್_"

ಎಲ್ಲ ಕಡತಗಳೂ ಕಂಪೈಲ್ ಆದವು, ಇನ್ನು ಜೋಡಿಸುವ ಕೆಲಸ. ಡಿಜೆಮ್ ಎಂಬುದು ಎರಡು ಮ್ಯಾಟ್ರಿಕ್ಸುಗಳನ್ನು ಗುಣಿಸುವ ಬ್ಲಾಸ್ ರೂಟೀನು. ಕೊನೆಯ ಅಡಿಗೆರೆ ಫೋರ್ಟ್ರಾನ್ ಅಂಟಿಸಿದ್ದು, ಮೊದಲಿನದು ಮ್ಯಾಕ್ ಅಂಟಿಸಿದ್ದು. ಅದು ಸಿಗುತ್ತಿಲ್ಲ ಎನ್ನುವ ಎರಡನೆಯ ಸಾಲನ್ನಷ್ಟೇ ಓದಿದವರು ಬ್ಲಾಸ್‌ನ ಒಂದು ರೂಪವಾದ ಓಪನ್‌ಬ್ಲಾಸ್ ಲೈಬ್ರರಿಯನ್ನು ತೆಗೆದುಹಾಕಿ ಮತ್ತೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ, ಶನಿವಾರ ಕಳೆಯುತ್ತದೆ. ಉತ್ತರ ಮೇಲಿನ ಸಾಲಿನಲ್ಲಿದೆ, ವಾರ್ನಿಂಗ್ ಎಂಬ ಸಾಧು ವೇಷದಲ್ಲಿ. ಲೈಬ್ರರಿ ಸಿಕ್ಕಿತು, ಆದರೆ ಅದು ಇಂಟೆಲ್ ಚಿಪ್ಪಿನದು. ಅದಕ್ಕೇ ಲಿಂಕರ್ ಬದಿಗಿಟ್ಟಿತು.

ಹೊಸ ಯಂತ್ರದಲ್ಲಿ ಇಂಟೆಲ್ ಲೈಬ್ರರಿ ಎಲ್ಲಿಂದ ಬಂತು? ಹೋಮ್‌ಬ್ರೂ ಇಂಟೆಲ್ ಮ್ಯಾಕ್‌ನಲ್ಲಿ /ಯುಎಸ್‌ಆರ್/ಲೋಕಲ್ ಒಳಗೆ ಇರುತ್ತದೆ, ಆಪಲ್ ಚಿಪ್ಪಿನ ಮ್ಯಾಕ್‌ನಲ್ಲಿ /ಆಪ್ಟ್/ಹೋಮ್‌ಬ್ರೂ ಒಳಗೆ. ಅಮ್ಮನ ಹಳೆಯ ಮ್ಯಾಕ್‌ಬುಕ್ಕಿನಿಂದ ಮೈಗ್ರೇಷನ್ ಅಸಿಸ್ಟೆಂಟ್ ಎಲ್ಲವನ್ನೂ ಎತ್ತಿಕೊಂಡು ಬರುವಾಗ ಹಳೆಯ ಹೋಮ್‌ಬ್ರೂವನ್ನೂ ತಂದಿರುತ್ತದೆ. ರೊಸೆಟ್ಟಾ 2 ಎಂಬ ಅನುವಾದಕ ಇರುವುದರಿಂದ ಅದರ ಪ್ರೋಗ್ರಾಮುಗಳು ಓಡಿಯೂ ಓಡುತ್ತವೆ, ಅನುಮಾನವೇ ಬರುವುದಿಲ್ಲ. ಟರ್ಮಿನಲ್ಲೇ ರೊಸೆಟ್ಟಾ ಅಡಿಯಲ್ಲಿ ಓಡುತ್ತಿದ್ದರಂತೂ ಯಂತ್ರ ತನ್ನನ್ನು ತಾನೇ ಇಂಟೆಲ್ ಎಂದು ಪರಿಚಯಿಸಿಕೊಳ್ಳುತ್ತದೆ. 'ಯುನೇಮ್ -ಎಂ' ಎಂದು ಕೇಳಿ 'ಆರ್ಮ್64' ಎಂದು ಬರುತ್ತದೋ ನೋಡುವುದು, ಅನುಮಾನದ ಲೈಬ್ರರಿಯ ಮೇಲೆ 'ಫೈಲ್' ಆಜ್ಞೆ ಓಡಿಸುವುದು: ಒಂದು ನಿಮಿಷದ ಕೆಲಸ.

"ಮೇಕ್ ಚೆಕ್... ಸೆಗ್ಮೆಂಟೇಷನ್ ಫಾಲ್ಟ್"

ಬಿಲ್ಡ್ ಮುಗಿಯಿತು. ಬಹಳ ಜನ ಇಲ್ಲಿಗೇ ನಿಲ್ಲಿಸಿ ಊಟಕ್ಕೆ ಏಳುತ್ತಾರೆ. ಗಣಿತದ ತಂತ್ರಾಂಶವಾದರೆ ಏಳಬಾರದು. ಜೊತೆಯಲ್ಲಿ ಬಂದಿರುವ ಪರೀಕ್ಷೆಗಳನ್ನು ಓಡಿಸಬೇಕು. ಇಲ್ಲಿ ಕುಸಿದು ಬೀಳುವುದು ಹೆಚ್ಚಾಗಿ ಸಂಮಿಶ್ರ ಸಂಖ್ಯೆಗಳ ಒಳಗುಣಲಬ್ಧ ಕೊಡುವ 'ಜ಼ೆಡ್‌ಡಾಟ್‌ಸಿ'. ಆಪಲ್ ತನ್ನ ಯಂತ್ರಗಳೊಂದಿಗೆ ಆಕ್ಸೆಲರೇಟ್ ಎಂಬ ಸ್ವಂತ ಬ್ಲಾಸ್ ಕೊಡುತ್ತದೆ. ವೇಗವಾಗಿದೆ, ಪುಕ್ಕಟೆ. ಆದರೆ ಅದರ ಹಳೆಯ ರೂಪ ಫೋರ್ಟ್ರಾನಿನ ಇನ್ನೂ ಹಳೆಯ ಸಂಪ್ರದಾಯವನ್ನು ಪಾಲಿಸುತ್ತದೆ: ಸಂಮಿಶ್ರ ಸಂಖ್ಯೆಯನ್ನು ಹಿಂದಿರುಗಿಸುವ ಫಂಕ್ಷನ್, 'ಉತ್ತರ ಇಲ್ಲಿಡು' ಎಂಬ ವಿಳಾಸವನ್ನು ಗುಟ್ಟಾಗಿ ಮೊದಲ ಆರ್ಗ್ಯುಮೆಂಟಾಗಿ ನಿರೀಕ್ಷಿಸುತ್ತದೆ. ಜಿಫೋರ್ಟ್ರಾನ್ ಅಂಥ ವಿಳಾಸ ಕಳಿಸುವುದಿಲ್ಲ. ವೆಕ್ಟರಿನ ಉದ್ದವಿರುವ ಜಾಗವನ್ನೇ ಉತ್ತರ ಇಡುವ ಜಾಗವೆಂದುಕೊಂಡರೆ ಇನ್ನೇನಾಗುತ್ತದೆ?

ಕುಸಿದರೆ ಒಳ್ಳೆಯದೇ, ಗೊತ್ತಾದರೂ ಆಗುತ್ತದೆ. ಇದರ ತಂಗಿ 'ಎಸ್‌ಡಾಟ್' ಕುಸಿಯುವುದೂ ಇಲ್ಲ. ಹಳೆಯ ಸಂಪ್ರದಾಯದಲ್ಲಿ ಅದು 32 ಬಿಟ್‌ನ ಉತ್ತರವನ್ನು 64 ಬಿಟ್‌ಗೆ ಹಿಗ್ಗಿಸಿ ಕೊಡುತ್ತದೆ, ಕರೆದವನು ಕೆಳಗಿನ 32 ಬಿಟ್ ಮಾತ್ರ ಓದಿಕೊಳ್ಳುತ್ತಾನೆ. 1.0 ಎಂಬ ಸಂಖ್ಯೆಯ 64 ಬಿಟ್ ರೂಪದಲ್ಲಿ ಕೆಳಗಿನ 32 ಬಿಟ್‌ಗಳೆಲ್ಲ ಸೊನ್ನೆ. ಒಂದು ಇರಬೇಕಾದ ಕಡೆ ಸೊನ್ನೆ ಬಂತು, ಪ್ರೋಗ್ರಾಮು ತಣ್ಣಗೆ ಮುಂದೆ ಹೋಯಿತು. ಇಂಥ ತೊಡಕುಗಳ ದೆಸೆಯಿಂದ ಪೈಥಾನ್‌ನ ಸೈಪೈ ಯೋಜನೆಯವರು 2018ರ 1.2.0 ಆವೃತ್ತಿಯಲ್ಲಿ ಆಕ್ಸೆಲರೇಟಿನ ಸಹವಾಸವನ್ನೇ ಬಿಟ್ಟರು. ಆಪಲ್ 2023ರ ಮ್ಯಾಕ್‌ಓಎಸ್ 13.3ರಲ್ಲಿ ಹೊಸ ಲಾಪ್ಯಾಕ್ ಕೊಟ್ಟ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಹಳೆಯ ಫೋರ್ಟ್ರಾನ್ ಕೋಡಾದರೆ ಓಪನ್‌ಬ್ಲಾಸ್ ಜೊತೆ ಕಟ್ಟಿ ಎಂದೇ ಈಗಲೂ ಹೇಳುತ್ತೇನೆ.

"ಫೇಲ್: ಎಕ್ಸ್‌ಪೆಕ್ಟೆಡ್ 0.0, ಗಾಟ್ -8.3ಇ-19"

ಕೊನೆಯ ಸಾಲು. ಇದರ ಮೇಲೆ ಒಂದು ಪುಸ್ತಕವನ್ನೇ ಬರೆಯಬಹುದು.

0.1ರ ವರ್ಗದಿಂದ 0.1ರ ವರ್ಗವನ್ನೇ ಕಳೆದರೆ ಸೊನ್ನೆ. ಇಂಟೆಲ್ ಡೆಸ್ಕ್‌ಟಾಪಿನಲ್ಲಿ ಸೊನ್ನೆಯೇ ಬರುತ್ತಿತ್ತು. ಆರ್ಮ್64 ಪ್ರೊಸೆಸರಿನಲ್ಲಿ ಗುಣಾಕಾರ ಮತ್ತು ಸಂಕಲನವನ್ನು ಬೆಸೆದು ಒಂದೇ ಹೆಜ್ಜೆಯಲ್ಲಿ ಮಾಡುವ ಸೂಚನೆ ಹುಟ್ಟಿನಿಂದಲೇ ಇದೆ, 2008ರ ಐಟ್ರಿಪಲ್‌ಈ 754 ಮಾನಕಕ್ಕೂ ಅದು ಸೇರಿದೆ. ಇಂಟೆಲ್‌ನ 64 ಬಿಟ್ ಮೂಲ ಸೂಚನಾಪಟ್ಟಿಯಲ್ಲಿ ಅದಿಲ್ಲ. ಬೇಕೆಂದು ಕೇಳದ ಹೊರತು ಕಂಪೈಲರ್ ಅಲ್ಲಿ ಬಳಸುವುದಿಲ್ಲ. ಬೆಸೆದ ಸೂಚನೆಯಲ್ಲಿ ಗುಣಲಬ್ಧವನ್ನು ನಡುವೆ ಹತ್ತಿರದ ಸಂಖ್ಯೆಗೆ ಸರಿಹೊಂದಿಸುವುದಿಲ್ಲ, ಕೊನೆಯಲ್ಲಿ ಒಂದೇ ಸಲ. ಆಗ ಒಂದು ವರ್ಗ ಸರಿಹೊಂದಿಸಿದ್ದು, ಇನ್ನೊಂದು ನಿಖರವಾದದ್ದು. ಎರಡರ ವ್ಯತ್ಯಾಸ 8.3×10⁻¹⁹. ಯಾವ ಗುಣಾಕಾರ ಬೆಸೆದುಕೊಂಡಿತು ಎಂಬುದರ ಮೇಲೆ ಧನವೋ ಋಣವೋ.

ಇಷ್ಟು ಸಣ್ಣದಕ್ಕೆ ಏನು ರಗಳೆ ಎನ್ನಬಹುದು. ಮುಂದಿನ ಸಾಲಿನಲ್ಲಿ ಅದರ ವರ್ಗಮೂಲ ತೆಗೆಯುವುದಿದ್ದರೆ ಋಣ ಸಂಖ್ಯೆಯ ವರ್ಗಮೂಲ, ಸಂಖ್ಯೆಯೇ ಅಲ್ಲ ಎಂಬರ್ಥದ 'ನ್ಯಾನ್' ಆಗುತ್ತದೆ, ಅದು ಸೋಕಿದ ಲೆಕ್ಕವೆಲ್ಲ ನ್ಯಾನ್. '-ಎಫ್‌ಎಫ್‌ಪಿ-ಕಾಂಟ್ರಾಕ್ಟ್=ಆಫ್' ಎಂದರೆ ಬೆಸುಗೆ ನಿಲ್ಲುತ್ತದೆ, ವೇಗ ಸ್ವಲ್ಪ ಇಳಿಯುತ್ತದೆ. ಕಾರಣ ಇದೇ ಹೌದೇ ಎಂದು ತಿಳಿಯಲು ನಾನು ಮೊದಲು ಒತ್ತುವ ಗುಂಡಿ ಅದು.

'ಲಾಂಗ್ ಡಬಲ್' ಎಂಬ ದಶಮಾಂಶ ಸಂಖ್ಯೆಯ ಬಗೆ ಇನ್ನೊಂದು ತೊಡಕು. ಇಂಟೆಲ್ ಲಿನಕ್ಸಿನಲ್ಲಿ ಅದಕ್ಕೆ 80 ಬಿಟ್, ಸುಮಾರು 19 ಅಂಕಿಗಳ ನಿಖರತೆ. ಆಪಲ್ ಆರ್ಮ್‌ನಲ್ಲಿ ಅದು ಬರೀ ಡಬಲ್, ಸುಮಾರು 16 ಅಂಕಿ. ಆರ್ಮ್ ಲಿನಕ್ಸಿನಲ್ಲಿ 128 ಬಿಟ್, ಸುಮಾರು 34 ಅಂಕಿ. ಆದರೆ ಲೆಕ್ಕವೆಲ್ಲ ಸಾಫ್ಟ್‌ವೇರಿನಲ್ಲಿ ನಡೆಯುವುದರಿಂದ ಆಮೆಗತಿ. 'ವ್ಯತ್ಯಾಸ 10⁻¹⁸ಕ್ಕಿಂತ ಕಡಿಮೆಯಾಗುವವರೆಗೂ ಸುತ್ತು' ಎಂದು ಹಳೆಯ ಯಂತ್ರದಲ್ಲಿ ಬರೆದಿದ್ದ ಕೋಡು ಮ್ಯಾಕ್‌ನಲ್ಲಿ ಎರಡು ನೆರೆ ಸಂಖ್ಯೆಗಳ ನಡುವೆ ಹೊಯ್ದಾಡುತ್ತ ಮುಗಿಯದೆಯೇ ಇರಬಹುದು.

ಈ ಪಾಡು ನಮ್ಮ ಕಾಲದ್ದಷ್ಟೇ ಅಲ್ಲ. ಇಲ್ಲಿಂದ ಐ-85 ಹಿಡಿದು ಷಾರ್ಲಟ್ ದಾಟಿ ಮುಂದೆ ಹೋದರೆ ಸಿಗುವ ಉತ್ತರ ಕ್ಯಾರಲೈನಾದ ಕ್ಯಾರಿ, ಸಂಖ್ಯಾಶಾಸ್ತ್ರದ ತಂತ್ರಾಂಶ ಸ್ಯಾಸ್‌ನ ಊರು. 1976ರಲ್ಲಿ ಕಂಪನಿಯಾದ ಅದು ಐಬಿಎಂ ಮೇನ್‌ಫ್ರೇಮಿಗೆಂದೇ ಬರೆದ ಕೋಡನ್ನು 1980ರ ದಶಕದಲ್ಲಿ ಬೇರೆ ಯಂತ್ರಗಳಿಗೂ ಒಯ್ಯಲೆಂದು ಸಿ ಭಾಷೆಯಲ್ಲಿ ಮತ್ತೆ ಬರೆಯಿತು. ಐಬಿಎಂ 360ರ ದಶಮಾಂಶ ಲೆಕ್ಕ 16ನ್ನು ಆಧಾರವಾಗಿಟ್ಟುಕೊಂಡದ್ದು, ಬೇರೆಯವರದು ಹೆಚ್ಚಾಗಿ 2. ಮೇನ್‌ಫ್ರೇಮಿನಲ್ಲಿ ನಿಖರತೆ ಸಂಖ್ಯೆಯಿಂದ ಸಂಖ್ಯೆಗೆ 53 ಮತ್ತು 56 ಬಿಟ್‌ಗಳ ನಡುವೆ ಏರಿಳಿಯುತ್ತಿತ್ತು. ಎರಡು ಯಂತ್ರಗಳ ಉತ್ತರ ಕೊನೆಯ ಅಂಕಿಯವರೆಗೂ ಹೊಂದುವ ಮಾತೇ ಇರಲಿಲ್ಲ.

ಬೆಂಗಳೂರಿನ ಕತೆ ಇದಕ್ಕಿಂತ ಸ್ವಾರಸ್ಯದ್ದು. ಅಲ್ಲಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನವರು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ತಾವೇ ಕಟ್ಟಿದರು. ದೆಹಲಿಯ ಕ್ರೇ ಎಕ್ಸ್-ಎಂಪಿ ಯಂತ್ರದಲ್ಲಿ ಓಡುತ್ತಿದ್ದ ಟಿ80 ಎಂಬ ಹವಾಮಾನ ಮುನ್ಸೂಚನೆಯ ಕೋಡನ್ನು 1990ರ ದಶಕದಲ್ಲಿ ಫ್ಲೋಸಾಲ್ವರಿನ ಮುಂದಿನ ಪೀಳಿಗೆಯ ಯಂತ್ರಕ್ಕೆ ತಂದರು. ಕ್ರೇ ಯಂತ್ರದ ಫೋರ್ಟ್ರಾನಿನಲ್ಲಿ 'ರಿಯಲ್' ಎಂದರೆ ತಾನಾಗಿ 64 ಬಿಟ್. ಸಾಮಾನ್ಯ ಮೈಕ್ರೊಪ್ರೊಸೆಸರಿನ ಕಂಪೈಲರಿಗೆ ಅದೇ ಮಾತು 32 ಬಿಟ್. ಕ್ರೇಯ ದಶಮಾಂಶ ಲೆಕ್ಕವೂ ಐಟ್ರಿಪಲ್‌ಈ ಮಾನಕದ್ದಲ್ಲ. ಮೇಲಾಗಿ ಹವಾಮಾನದ ಸಮೀಕರಣಗಳ ಸ್ವಭಾವವನ್ನು ಹವಾಮಾನ ವಿಜ್ಞಾನಿ ಲೊರೆಂಜ್ 1963ರಲ್ಲೇ ತೋರಿಸಿದ್ದರು: ಕೊನೆಯ ಅಂಕಿಯ ವ್ಯತ್ಯಾಸ ಸಾಕಷ್ಟು ದಿನ ಮುಂದೊಯ್ದರೆ ಮಳೆ ಬೀಳುವ ಜಾಗವನ್ನೇ ಬದಲಿಸುತ್ತದೆ. ಅಂಥ ಕೋಡಿನಲ್ಲಿ ಎರಡು ಯಂತ್ರಗಳ ಉತ್ತರವನ್ನು ಬಿಟ್‌ಗೆ ಬಿಟ್ ಹೋಲಿಸಿ ಪಾಸು-ಫೇಲು ಹೇಳಲಾಗದು. ಮೊದಲ ಕೆಲವು ಹೆಜ್ಜೆಗಳನ್ನು ಬಿಗಿಯಾಗಿ, ಆಮೇಲಿನದನ್ನು ಸರಾಸರಿಗಳಲ್ಲಿ ಹೋಲಿಸಬೇಕು.

ಪರೀಕ್ಷೆಯ 'ಎಕ್ಸ್‌ಪೆಕ್ಟೆಡ್' ಎಂಬ ಕಡತಕ್ಕೂ ಇದೇ ಎಚ್ಚರ ಬೇಕು. ಬಹಳ ಸಲ ಅದು ಹಳೆಯ ಯಂತ್ರ ಅಂದು ಕೊಟ್ಟ ಉತ್ತರದ ಪ್ರತಿ ಅಷ್ಟೆ, ಸತ್ಯವೆಂದು ಯಾರೂ ಪ್ರಮಾಣ ಮಾಡಿರುವುದಿಲ್ಲ. ಎರಡು ಯಂತ್ರಗಳು ಜಗಳಕ್ಕೆ ನಿಂತಾಗ, ಬೇಕಾದಷ್ಟು ಅಂಕಿಗಳಲ್ಲಿ ಲೆಕ್ಕ ಮಾಡುವ ಪಾರಿ/ಜಿಪಿ ಎಂಬ ತಂತ್ರಾಂಶ ತೆರೆದು ಅದೇ ಲೆಕ್ಕವನ್ನು 50 ಅಂಕಿಗಳಲ್ಲಿ ಮಾಡಿ, ಯಾರು ಹತ್ತಿರ ಇದ್ದಾರೆ ನೋಡಿ. ಹೊಸ ಮ್ಯಾಕ್ ದೂರವಿದ್ದರೆ ಮೇಲಿನ ಸಾಲುಗಳನ್ನು ಮತ್ತೊಮ್ಮೆ ಓದಿ. ಹಳೆಯ ಡೆಸ್ಕ್‌ಟಾಪೇ ದೂರವಿದ್ದರೆ, ಬೆಸೆದ ಗುಣಾಕಾರದಿಂದಾಗಿ ಹಾಗಾಗುವುದು ಅಪರೂಪವೇನಲ್ಲ, ತಿದ್ದಬೇಕಾದದ್ದು ಎಕ್ಸ್‌ಪೆಕ್ಟೆಡ್ ಕಡತವನ್ನು. ಯಾವ ಚಿಪ್ಪು, ಯಾವ ಕಂಪೈಲರ್, ಯಾವ ಫ್ಲ್ಯಾಗ್, ಎಷ್ಟು ವ್ಯತ್ಯಾಸ ಸಹ್ಯ ಎಂಬುದನ್ನು ಅದರ ಮೊದಲ ಸಾಲಿನಲ್ಲೇ ಬರೆದಿಡಿ.